ಕಂಪೆನಿ ವಿಷಾದಿಸುತ್ತದೆ

ಫೆಬ್ರವರಿ ೪, ೧೯೫೮. ಮಂಗಳವಾರ

ಈ ಡೈರಿ ವಿಮೆಯ ಏಜೆಂಟ್ ಅಲೆಕ್ಸ್ ಕೊಟ್ಟದ್ದು. ಒಂದು ತಿಂಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಹೊಲಿಗೆಯ ಅಳತೆ ಬರೆದುಕೊಳ್ಳಲಿಕ್ಕೆ ಬೇಕೆಂದು ಮಗಳು ಗೆರ್ಟ್ರೂಡ್ ಅದಕ್ಕೆ ಕೈ ಹಾಕಿದ ಮೇಲೆ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಕೊಡಲಿಲ್ಲ.

ಕನ್ನಡದಲ್ಲಿಯೇ ಬರೆಯುತ್ತೇನೆ. ಕೊಂಕಣಿ ಇರುವುದು ದೇವರಲ್ಲಿ ಬೇಡಲಿಕ್ಕೆ ಮತ್ತು ಹೆಂಡತಿಯ ಜೊತೆ ಜಗಳವಾಡಲಿಕ್ಕೆ. ತುಳು ಮೀನಿನ ಮಾರ್ಕೆಟಿಗೆ ಮತ್ತು ಕೆಲಸಗಾರರಿಗೆ. ಇಂಗ್ಲಿಷ್ ಆಫೀಸಿಗೆ. ಶಾಲೆಯಲ್ಲಿ ಕಲಿತ ಕನ್ನಡವನ್ನು ನನ್ನಿಂದ ಯಾರೂ ಕೇಳುವುದಿಲ್ಲ, ಹಾಗಾಗಿ ಅದೊಂದು ನನ್ನ ಸ್ವಂತದ್ದು.

ಇಪ್ಪತ್ತೇಳು ವರ್ಷ ಈ ಹಂಚಿನ ಕಾರ್ಖಾನೆಯ ಗುಮಾಸ್ತನಾಗಿ ಕಳೆದಿದ್ದೇನೆ. ಹೊಳೆಯ ಬದಿಯ ಎಲ್ಲ ಕಾರ್ಖಾನೆಗಳಲ್ಲಿಯೂ ಲಿಗೋರಿ ಲಸ್ರಾದೊ ಬರೆದ ಇಂಗ್ಲಿಷ್ ಕಾಗದವೆಂದರೆ ಒಂದು ಮರ್ಯಾದೆ ಉಂಟು. ಇದು ಜಂಬವಲ್ಲ. ಸ್ವಲ್ಪ ಜಂಬವೂ ಹೌದು.

ಈ ದಿನ ಹಾಶಿಂ ಮೇಸ್ತ್ರಿ ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತ. "ಪೊರ್ಬುಗಳೇ, ಎರಡನೇ ಶೆಡ್ಡಿನ ಅಟ್ಟದ ತೊಲೆಗೆ ಒರಲೆ ಹಿಡಿದಿದೆ. ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತದೆ. ಮ್ಯಾನೇಜರಿಗೆ ಒಂದು ಕಾಗದ ಬರೆದುಕೊಡಿ ಮಾರಾಯ್ರೆ." ನಮ್ಮ ಕ್ರಿಶ್ಚಿಯನ್ ಜನವನ್ನು ಈ ಊರಲ್ಲಿ ಪೊರ್ಬುಗಳು ಎಂದೇ ಕರೆಯುವುದು. ಮ್ಯಾನೇಜರ್ ತಾರಾನಾಥ ರೈಗಳಿಗೆ ಬಾಯಿಮಾತು ಆಗುವುದಿಲ್ಲ. ಮೇಸ್ತ್ರಿಯ ದೂರು ಇಂಗ್ಲಿಷಿನಲ್ಲಿ ಬರೆದು ಟ್ರೇಗೆ ಬಂದರೆ ಮಾತ್ರ ನೋಡುತ್ತಾರೆ. ಮೇಸ್ತ್ರಿಗಳಿಗೆ ಇಂಗ್ಲಿಷ್ ಬಾರದು. ನಡುವೆ ನಾನು.

ಆರು ಸಾಲು ಬರೆದೆ. ತೊಲೆಯನ್ನು 'ಡೇಂಜರಸ್' ಎನ್ನುವುದೋ 'ಅನ್‌ಸೇಫ್' ಎನ್ನುವುದೋ ತಿಳಿಯಲಿಲ್ಲ. ಮೊದಲನೆಯದು ಬೊಬ್ಬೆ ಹೊಡೆದ ಹಾಗೆ, ಎರಡನೆಯದು ಗುಣುಗುಟ್ಟಿದ ಹಾಗೆ. ನಾಳೆ ನೋಡುವ ಎಂದು ಡ್ರಾಯರಿನಲ್ಲಿ ಇಟ್ಟೆ. ಒಳ್ಳೆಯ ಕಾಗದ ಒಂದು ರಾತ್ರಿ ನೆನೆಯಬೇಕು, ಇಡ್ಲಿಯ ಅಕ್ಕಿಯ ಹಾಗೆ.

ಫೆಬ್ರವರಿ ೭, ಶುಕ್ರವಾರ

ಎರಡನೇ ಶೆಡ್ಡಿನ ಅಟ್ಟ ಬಿತ್ತು. ಹಸಿ ಹಂಚು ತುಂಬಿದ್ದ ಅಟ್ಟ. ಕೆಳಗೆ ಹಂಚು ಜೋಡಿಸುತ್ತಿದ್ದ ಅಣ್ಣು ಎಂಬವನ ಮೇಲೆ ಬಿತ್ತು. ಬೋಳಾರದವನು, ಮೂವತ್ತೈದರ ಪ್ರಾಯ. ಎಳೆದು ಹೊರಗೆ ಹಾಕುವಾಗ ಜೀವ ಇತ್ತಂತೆ. ಗಾಡಿ ಬರುವಷ್ಟರಲ್ಲಿ ಇರಲಿಲ್ಲ.

ನಾನು ನೋಡಲಿಕ್ಕೆ ಹೋಗಲಿಲ್ಲ. ಡ್ರಾಯರು ತೆರೆದು ಮುಚ್ಚಿದೆ. ಕಾಗದ ಅಲ್ಲೇ ಇತ್ತು. 'ಡೇಂಜರಸ್' ಹೊಡೆದುಹಾಕಿ 'ಅನ್‌ಸೇಫ್' ಬರೆದು, ಅದನ್ನೂ ಹೊಡೆದುಹಾಕಿದ್ದೆ.

ಫೆಬ್ರವರಿ ೧೦, ಸೋಮವಾರ

ಸತ್ತವನ ಮನೆಗೆ ಕಂಪೆನಿಯ ಕಾಗದ ಹೋಗಬೇಕು. ನಾನು ಬರೆದ ಕರಡಿನಲ್ಲಿ ಮೊದಲ ಸಾಲು 'ವಿ ಆರ್ ವೆರಿ ಸಾರಿ' ಎಂದಿತ್ತು. ರೈಗಳು ಕನ್ನಡಕ ತೆಗೆದರು.

"ಇದೆಂತ ಲಸ್ರಾದೊ, ಸಾರಿ ಅಂತ ಹಾಕಿದ್ದೀರಿ? ಸಾರಿ ಅಂದ್ರೆ ಕಾಲು ತುಳಿದವ ಹೇಳುವ ಮಾತು. ನಾವು ಯಾರ ಕಾಲು ತುಳಿದಿದ್ದೇವೆ? ರಿಗ್ರೆಟ್ ಹಾಕಿ."

ಹಾಕಿದೆ. ಈ ಶಬ್ದ ನನಗೆ ಹೊಸತಲ್ಲ. ಹಡಗಿಗೆ ಹಂಚು ತಡವಾಗಿ ಹೋದರೆ ರಿಗ್ರೆಟ್. ದಾರಿಯಲ್ಲಿ ನೂರು ಹಂಚು ಒಡೆದರೆ ರಿಗ್ರೆಟ್. ಕೆಲಸ ಕೇಳಿ ಬಂದ ಹುಡುಗರ ಅರ್ಜಿಗೆ ರಿಗ್ರೆಟ್. ಬಹಳ ಮರ್ಯಾದಸ್ಥ ಶಬ್ದ. ದುಃಖ ಉಂಟು ಎನ್ನುತ್ತದೆ, ಯಾರಿಂದ ಎಂದು ಹೇಳುವುದಿಲ್ಲ. ಪಕ್ಕದ ಮನೆಯಲ್ಲಿ ಸತ್ತರೆ ನಮ್ಮ ಜಗಲಿಯಲ್ಲಿ ನಿಂತುಕೊಂಡೇ ತಲೆಯಲ್ಲಾಡಿಸಿದ ಹಾಗೆ. ಇಷ್ಟು ವರ್ಷ ಬಳಸಿದೆ, ಒಮ್ಮೆಯೂ ಕೈಗೆ ಭಾರವಾಗಲಿಲ್ಲ.

ಎರಡನೇ ಸಾಲನ್ನು ರೈಗಳು ತಾವೇ ಹೇಳಿ ಬರೆಸಿದರು. ಸತ್ತವನು ನಿಲ್ಲಬಾರದ ಜಾಗದಲ್ಲಿ ತನ್ನದೇ ಅಜಾಗ್ರತೆಯಿಂದ ನಿಂತಿದ್ದುದರಿಂದ ಈ ಮರಣ ಉಂಟಾಗಿದೆ ಎಂದು. ನಾನು ಅಲ್ಪವಿರಾಮ ಸರಿ ಮಾಡಿದೆ.

ಆಮೇಲೆ ಮೆಲ್ಲಗೆ ಕೇಳಿದರು: "ಹಾಶಿಂ ಎಂತದೋ ಕಾಗದ ಅಂತಿದ್ದ?"

"ಬರೆದಿದ್ದೆ ಸರ್. ಟ್ರೇಗೆ ಹಾಕಿರಲಿಲ್ಲ."

"ಟ್ರೇಗೆ ಬಾರದ ಕಾಗದ ಕಾಗದವೇ ಅಲ್ಲ."

ಹರಿಯಿರಿ ಎಂದು ಅವರು ಹೇಳಲಿಲ್ಲ. ಚಹಾ ಕಾಯಿಸುವ ಒಲೆಯ ಕಡೆಗೆ ಒಮ್ಮೆ ನೋಡಿದರು, ಅಷ್ಟೆ. ಉಳಿದದ್ದು ನಾನೇ ಮಾಡಿದೆ. ನಮ್ಮದು ಕಂಪೆನಿಯ ಕ್ವಾರ್ಟರ್ಸು. ಹೆಂಡತಿ ಮಗ್ದಲೀನಳಿಗೆ ದಮ್ಮು, ಗೆರ್ಟ್ರೂಡಳಿಗೆ ಮದುವೆ ಆಗಬೇಕು. ಇದನ್ನೆಲ್ಲ ಇಲ್ಲಿ ಯಾಕೆ ಬರೆಯುತ್ತಿದ್ದೇನೆ? ಇದು ನಾನೇ ಓದುವ ಪುಸ್ತಕ, ಇದೆಲ್ಲ ನನಗೆ ಗೊತ್ತಿರುವುದೇ.

ಫೆಬ್ರವರಿ ೧೯, ಬುಧವಾರ. ಬೂದಿ ಬುಧವಾರ

ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಗಳು ಹಣೆಗೆ ಬೂದಿ ಹಚ್ಚಿದರು. ಅಲ್ಲಿಂದ ನೇರ ಅಣ್ಣುವಿನ ಬೊಜ್ಜಕ್ಕೆ. ಹದಿಮೂರನೇ ದಿನದ ಕಾರ್ಯವನ್ನು ತುಳುವರು ಹಾಗೆ ಕರೆಯುತ್ತಾರೆ. ರೈಗಳಿಗೆ ಬರಲಿಕ್ಕೆ ಪುರುಸೊತ್ತಿಲ್ಲ. ಕಾಗದವನ್ನು ನನ್ನ ಕೈಯಲ್ಲಿ ಕಳಿಸಿದರು.

ಮಂಗಳಾದೇವಿ ಗುಡಿಯಿಂದ ಕೆಳಗೆ, ಹೊಳೆಯ ಕಡೆಗೆ ಇಳಿಯುವಲ್ಲಿ ಮನೆ. ಅಂಗಳದಲ್ಲಿ ತೆಂಗಿನ ಮಡಲಿನ ಚಪ್ಪರ, ತುಂಬ ಜನ. ನನ್ನ ಹಣೆಯ ಬೂದಿ ನೋಡಿ ಯಾರೋ, "ಪೊರ್ಬುಗಳು ನಮ್ಮ ಅಣ್ಣುವಿಗಾಗಿ ಹಚ್ಚಿಕೊಂಡು ಬಂದಿದ್ದಾರೆ" ಎಂದರು. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಲರೂ ಎದ್ದು ಜಾಗ ಬಿಟ್ಟುಕೊಟ್ಟರು.

ಅಣ್ಣುವಿನ ತಾಯಿ ದೇಯಕ್ಕ ಬಂದು ಎದುರು ನಿಂತಳು. ಒಣಗಿದ ಸಣ್ಣ ಹೆಂಗಸು. ಹಿಂದೆ ಬಾಗಿಲಿನಲ್ಲಿ ಅಣ್ಣುವಿನ ಹೆಂಡತಿ ಕುಶಲಾ, ಸೊಂಟದಲ್ಲಿ ಒಂದು ಹೆಣ್ಣು ಮಗು. ಕಾಗದ ಕೊಟ್ಟೆ. ದೇಯಕ್ಕ ಅದನ್ನು ಕಣ್ಣಿಗೊತ್ತಿಕೊಂಡು ತಿರುಗಿ ನನ್ನ ಕೈಗೇ ಕೊಟ್ಟಳು.

"ನೀವೇ ಓದಿ ಪೊರ್ಬುಗಳೇ. ಜೋರಾಗಿ ಓದಿ. ನನ್ನ ಮಗ ಕುಡಿದು ತೂರಾಡಿ ಸತ್ತ ಅಂತ ಹೇಳಿದವರೆಲ್ಲ ಇಲ್ಲೇ ಕೂತಿದ್ದಾರೆ. ಅವರಿಗೂ ಕೇಳಲಿ."

ಚಪ್ಪರ ಇಡೀ ನನ್ನ ಕಡೆ ತಿರುಗಿತು. ಮಗು ಕೂಡ. ಕಾಗದದಲ್ಲಿ ಇದ್ದದ್ದು ಎರಡು ಸಾಲು. ಮೊದಲನೆಯದನ್ನು ತುಳುವಿಗೆ ತರಲು ಹೊರಟೆ, ರಿಗ್ರೆಟ್ ಎಂಬುದಕ್ಕೆ ತುಳುವಿನಲ್ಲಿ ಏನೂ ಸಿಗಲಿಲ್ಲ. ದುಃಖ ಎಂದೆ. ಎರಡನೆಯ ಸಾಲಿಗೆ ಬಂದೆ. ದೇಯಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಇಲ್ಲದ್ದನ್ನು ಓದಿದೆ. "ಅಣ್ಣುವಿನಂಥ ಕೆಲಸಗಾರ ನಮಗೆ ಇನ್ನು ಸಿಗುವುದಿಲ್ಲ. ತಪ್ಪು ಅಣ್ಣುವಿನದಲ್ಲ. ತೊಲೆಗೆ ಒರಲೆ ಹಿಡಿದಿತ್ತು, ಅದನ್ನು ನೋಡಿ ಸರಿ ಮಾಡದೆ ಇದ್ದದ್ದು ನಾವು. ನಿಮ್ಮ ಮನೆಯ ದುಃಖ ಕಂಪೆನಿಯ ದುಃಖ." ಅಷ್ಟು ಸಲೀಸಾಗಿ ನಾನು ಯಾವತ್ತೂ ಯಾವ ಕಾಗದವನ್ನೂ ಓದಿದವನಲ್ಲ.

ದೇಯಕ್ಕ ಅಂಗಳದ ನಡುವೆ ಕೂತು ಅತ್ತಳು. ಹದಿಮೂರು ದಿನದಲ್ಲಿ ಈಗ ಅತ್ತದ್ದು ಎಂದು ಪಕ್ಕದವರು ಹೇಳಿದರು. ಎಲೆ ಹಾಕಿದರು, ಕೋಳಿ ಬಡಿಸಲು ಬಂದರು. ನನಗೆ ಉಪವಾಸದ ದಿನ. ಅನ್ನ, ಉಪ್ಪಿನಕಾಯಿ ತಿಂದು ಎದ್ದೆ. ದುಃಖದಲ್ಲಿ ಪೊರ್ಬುಗಳಿಗೆ ಊಟವೇ ಸೇರಲಿಲ್ಲ ಎಂದು ಮಾತಾಡಿಕೊಂಡರು.

ಪುಣ್ಯದ ಕೆಲಸ ಮಾಡಿದೆ ಅಂತಲೇ ಅನಿಸುತ್ತದೆ. ಯಾರಿಗೆ ನಷ್ಟ?

ಮಾರ್ಚ್ ೨, ಭಾನುವಾರ

ದೊಡ್ಡ ಪೂಜೆ ಮುಗಿಸಿ ಸುಮ್ಮನೆ ಬೋಳಾರದ ಕಡೆ ನಡೆದೆ. ದೇಯಕ್ಕ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು. ಕಾಗದಕ್ಕೆ ಗಾಜು ಹಾಕಿಸಿ ಫ್ರೇಮ್ ಮಾಡಿಸಿದ್ದಾರೆ. ಅಣ್ಣುವಿನ ಒಂದೇ ಒಂದು ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದಾರೆ. ಎರಡಕ್ಕೂ ಒಂದೊಂದು ಅಬ್ಬಲಿಗೆಯ ಮಾಲೆ. ನನ್ನ ಟೈಪು, ನನ್ನ ಅಲ್ಪವಿರಾಮ, ಕೆಳಗೆ ರೈಗಳ ಸಹಿ.

ಕುಶಲಾ ಹೆಚ್ಚು ಮಾತಿನವಳಲ್ಲ. ಚಹಾ ಕೊಡುತ್ತ ಹೇಳಿದಳು: "ಬಾವಿಕಟ್ಟೆಯಲ್ಲಿ ಈಗ ಯಾರೂ ಮುಖ ತಿರುಗಿಸುವುದಿಲ್ಲ ಪೊರ್ಬುಗಳೇ. ನೀವು ಅವತ್ತು ಓದದಿದ್ರೆ ಈ ಮಗುವನ್ನು ಕುಡುಕನ ಮಗಳು ಅಂತಲೇ ಕರೀತಿದ್ರು."

ಚಹಾ ಸಿಹಿಯಾಗಿತ್ತು. ಕುಡಿಯಲು ಆಗಲಿಲ್ಲ.

ಮಾರ್ಚ್ ೯, ಭಾನುವಾರ

ಬೋಳಾರಕ್ಕೆ ಹೋಗಿದ್ದೆ. ಅವರ ಬಚ್ಚಲಿನ ಮಾಡಿಗೆ ನಾಲ್ಕು ಹಂಚು ಹಾಕಿ ಬಂದೆ. ಹಂಚಿನ ಕಾರ್ಖಾನೆಯಲ್ಲಿ ಇಷ್ಟು ವರ್ಷ ಇದ್ದೂ ಕೈಯಾರೆ ಹಂಚು ಹಾಕಿದ್ದು ಇದೇ ಮೊದಲು. "ಪ್ರತಿ ಭಾನುವಾರ ಅಲ್ಲಿ ನಿಮಗೆಂತ ಕೆಲಸ?" ಎಂದು ಮಗ್ದಲೀನ್ ಕೇಳಿದಳು. ನಡೆದರೆ ಮಂಡಿನೋವಿಗೆ ಒಳ್ಳೆಯದು ಎಂದೆ.

ಮಾರ್ಚ್ ೧೫, ಶನಿವಾರ

ಪಾಪನಿವೇದನೆಗೆ ಹೋದೆ. ಕೋಪ ಮಾಡಿದ್ದು ಹೇಳಿದೆ, ಜಂಬ ಹೇಳಿದೆ, ಉಪವಾಸದ ದಿನ ಬಾಯಿಗೆ ಹಾಕಿದ ಒಂದು ತುಂಡು ಬಂಗುಡೆ ಮೀನನ್ನೂ ಹೇಳಿದೆ. ಬೊಜ್ಜದ ದಿನ ಓದಿದ್ದನ್ನು ಮಾತ್ರ ಹೇಳಲಿಲ್ಲ.

ಪೂಜೆಯಲ್ಲಿ ನಾವು ಎದೆಗೆ ಮೂರು ಸಲ ಬಡಿದುಕೊಂಡು ಲ್ಯಾಟಿನಿನಲ್ಲಿ 'ನನ್ನ ತಪ್ಪು' ಎನ್ನುತ್ತೇವೆ. ಚಿಕ್ಕಂದಿನಿಂದ ಹೇಳಿದ್ದೇನೆ, ಕೈ ತಾನಾಗಿ ಹೋಗಿ ಎದೆಗೆ ಬೀಳುತ್ತದೆ. ದೇವರಿಗೆ ಹೇಳುವಾಗ ಯಾರೂ ರಿಗ್ರೆಟ್ ಎನ್ನುವುದಿಲ್ಲ. ದೇವರ ಹತ್ತಿರ ತಪ್ಪು ಒಪ್ಪಿಕೊಳ್ಳುವುದು ಸುಲಭ, ಅವನು ಬೋಳಾರದಲ್ಲಿ ಇರುವುದಿಲ್ಲ.

ಮಾರ್ಚ್ ೨೧, ಶುಕ್ರವಾರ

ರೈಗಳು ಮೂರು ಕಾಗದ ಹಿಂದೆ ಕಳಿಸಿದರು. "ಎಂತ ಲಸ್ರಾದೊ, ನಿಮ್ಮ ಇಂಗ್ಲಿಷ್ ಈಗ ಪೋಸ್ಟ್ ಕಾರ್ಡಿನ ಹಾಗೆ ಆಗಿದೆ? ಒಂದು ಚಂದ ಇಲ್ಲ, ಒಂದು ಬಳುಕು ಇಲ್ಲ. ಹಂಚು ಹೋಯಿತು, ಹಂಚು ಒಡೆಯಿತು, ಅಷ್ಟೇ." ಟೈಪ್ ಮೆಷಿನಿನ ರಿಬ್ಬನ್ ಹಳತಾಗಿದೆ, ಬರೆಯಲು ಮನಸ್ಸೇ ಬರುವುದಿಲ್ಲ. ಹೊಸ ರಿಬ್ಬನ್ ಕೇಳಬೇಕು.

ಇನ್ನೊಂದು ವಿಷಯ. ಮರಣದ ವಿಚಾರಣೆಗೆ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಬರುತ್ತಾರಂತೆ, ಬುಧವಾರ. ಹಳೇ ಮದ್ರಾಸ್ ಸರಕಾರದ ಕಾಲದಿಂದ ಇದ್ದವರು. ಅವರಿಗೆ ತುಳು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಕುಶಲಾ ಹೇಳುವುದನ್ನು ಇಂಗ್ಲಿಷಿಗೆ ತರಲು ಒಬ್ಬ ಬೇಕು. ರೈಗಳು ನನ್ನ ಹೆಸರು ಕೊಟ್ಟಿದ್ದಾರೆ. "ನಿಮ್ಮ ಮೇಲೆ ಆ ಹೆಂಗಸರಿಗೆ ನಂಬಿಕೆ ಉಂಟಲ್ಲ" ಎಂದರು.

ಮಾರ್ಚ್ ೨೬, ಬುಧವಾರ

ಇದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ಆಫೀಸಿನ ದೊಡ್ಡ ಮೇಜು. ಇನ್ಸ್‌ಪೆಕ್ಟರು ನಡುವೆ, ಬದಿಯಲ್ಲಿ ರೈಗಳು, ಕೊನೆಯಲ್ಲಿ ನಾನು. ಮೊದಲು ಹಾಶಿಂ ಮೇಸ್ತ್ರಿಯನ್ನು ಕರೆದರು. ತೊಲೆ ಕೆಟ್ಟದ್ದನ್ನು ಮೊದಲೇ ತಿಳಿಸಿದ್ದೀಯಾ ಎಂದು ನನ್ನ ಮೂಲಕ ಕೇಳಿದರು.

"ತಿಳಿಸಿದ್ದೆ. ಪೊರ್ಬುಗಳು ನನ್ನೆದುರೇ ಬರೆದುಕೊಂಡಿದ್ದಾರೆ. ಕೇಳಿ ಅವರ ಹತ್ರ."

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ ಅಂಥ ಕಾಗದ ಉಂಟೇ ಎಂದರು. ಫೈಲಿನಲ್ಲಿ ಅಂಥ ಕಾಗದ ಇಲ್ಲ ಎಂದೆ. ಅದು ಸತ್ಯ. ಹಾಶಿಂ ನನ್ನನ್ನು ನೋಡಿದ. ಬೈದಿದ್ದರೆ ಒಳ್ಳೆಯದಿತ್ತು. ತಲೆಯ ಮುಂಡಾಸು ಬಿಚ್ಚಿ, ಕೊಡವಿ, ಪುನಃ ಕಟ್ಟಿಕೊಂಡು ಹೊರಗೆ ಹೋದ.

ಆಮೇಲೆ ಕುಶಲಾ. ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಗಂಟು. ಅದರೊಳಗೆ ಫ್ರೇಮ್ ಇತ್ತು, ಮಾಲೆ ಸಮೇತ. ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟಳು. "ನಾನು ಬೇರೆ ಹೇಳುವುದು ಎಂತದೂ ಇಲ್ಲ. ಕಂಪೆನಿಯವರೇ ಬರೆದು ಕೊಟ್ಟಿದ್ದಾರೆ" ಎಂದಳು.

ಅದನ್ನು ಇಂಗ್ಲಿಷಿಗೆ ತಂದೆ. ಇನ್ಸ್‌ಪೆಕ್ಟರು ಮಾಲೆ ಸರಿಸಿ ಓದಿದರು. ಇನ್ನೊಮ್ಮೆ ಓದಿದರು. ಅವರಿಗೂ ವಿಚಿತ್ರವಾಗಿರಬೇಕು. "ಇದನ್ನು ಯಾರಾದರೂ ಇವರಿಗೆ ಓದಿ ಹೇಳಿದ್ದಾರೋ ಕೇಳಿ" ಎಂದರು. ಕೇಳಿದೆ.

"ಓದಿದ್ದಾರೆ. ಬೊಜ್ಜದ ದಿನ, ಎಲ್ಲರ ಎದುರು."

"ಇದರಲ್ಲಿ ಬರೆದದ್ದಕ್ಕೆ ಇವರ ಒಪ್ಪಿಗೆ ಉಂಟೋ ಕೇಳಿ."

ಕೇಳಿದೆ. ಕುಶಲಾ ನನ್ನ ಮುಖವನ್ನೇ ನೋಡಿ, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು: "ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ."

ನನ್ನ ಎದುರು ಒಂದು ಲೋಟ ನೀರು ಇತ್ತು. ಕುಡಿದೆ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ. ರೈಗಳು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. ಆಮೇಲೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇನ್ಸ್‌ಪೆಕ್ಟರು ಬರೆದುಕೊಂಡರು. ಅವಳು ಹೆಬ್ಬೆಟ್ಟು ಒತ್ತಿ, ಫ್ರೇಮನ್ನು ಪುನಃ ಬಟ್ಟೆಯಲ್ಲಿ ಸುತ್ತಿಕೊಂಡಳು.

ಹೋಗುವಾಗ ಬಾಗಿಲಿನಲ್ಲಿ ನನಗೆ ಕೈ ಮುಗಿದಳು.

ಮಾರ್ಚ್ ೨೭

ಬರೆಯಲು ಏನೂ ಇಲ್ಲ.

ಏಪ್ರಿಲ್ ೪. ಶುಭ ಶುಕ್ರವಾರ

ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಹತ್ತಿರ ಬಂದಾಗ ಸಾಲು ಬಿಟ್ಟು ಹೊರಗೆ ಬಂದೆ. ಸೆಕೆ ಎಂದು ಮಗ್ದಲೀನಳಿಗೆ ಹೇಳಿದೆ. ಸೆಕೆಯೂ ಇತ್ತು.

ಹಾಶಿಂ ಕೆಲಸ ಬಿಟ್ಟಿದ್ದಾನೆ. ಪಡೀಲಿನ ಕಡೆ ಯಾವುದೋ ಮರದ ಡಿಪೋದಲ್ಲಿ ಇದ್ದಾನಂತೆ.

ಏಪ್ರಿಲ್ ೧೦, ಗುರುವಾರ

ತೀರ್ಪಿನ ಕಾಗದ ಬಂತು. ಮರಣ ಕೆಲಸಗಾರನ ಸ್ವಂತ ಅಜಾಗ್ರತೆಯಿಂದ. ಮನೆಯವರೂ ಅದನ್ನು ಒಪ್ಪಿದ್ದಾರೆ. ಅವರೂ ಒಪ್ಪಿದ್ದಾರೆ ಎಂಬ ಸಾಲಿನ ಕೆಳಗೆ ರೈಗಳು ನೀಲಿ ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು.

"ನೀವೇ ಹೋಗಿ ತಿಳಿಸಿ. ನಿಮ್ಮ ಮಾತು ಅವರಿಗೆ ಆಗ್ತದೆ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ನನಗೆ ಕುರ್ಚಿ ತೋರಿಸಿ ಕೂರಿಸಿದರು, ಚಹಾ ತರಿಸಿದರು. ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲ ಸಲ.

ಏಪ್ರಿಲ್ ೧೩, ಭಾನುವಾರ

ತುಳುವರಿಗೆ ಬಿಸು ಹಬ್ಬದ ಹೊತ್ತು. ಕುಶಲಾ ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದಳು. ದೇಯಕ್ಕ ಮಗುವನ್ನು ಕರೆದುಕೊಂಡು ಗುಡಿಗೆ ಹೋಗಿದ್ದಳು. ಇದಕ್ಕಿಂತ ಒಳ್ಳೆಯ ಸಮಯ ಸಿಗದು ಎಂದು ನಿಂತಲ್ಲೇ ಹೇಳಿದೆ. ಡ್ರಾಯರಿನ ಕಾಗದ, ಚಹಾದ ಒಲೆ, ಆ ಎರಡನೇ ಸಾಲು, ಬೊಜ್ಜದ ದಿನ ನಾನು ಓದಿದ್ದು, ಇನ್ಸ್‌ಪೆಕ್ಟರರು ಕೇಳಿದ್ದು, ಕೊನೆಗೆ ತೀರ್ಪು. ಎಲ್ಲ ಹೇಳಲು ಎಷ್ಟು ಹೊತ್ತಾಗಬಹುದೆಂದು ಹೆದರಿದ್ದೆ. ಅಂಗಳದ ಕಾಲುಭಾಗ ಸಾರಿಸುವಷ್ಟರಲ್ಲಿ ಮುಗಿಯಿತು.

ಅವಳು ಕೈ ನಿಲ್ಲಿಸಿರಲಿಲ್ಲ. ಆಮೇಲೆ ನಿಲ್ಲಿಸಿದಳು.

"ಅಂದ್ರೆ ಅದರಲ್ಲಿ ತಪ್ಪು ಮಗುವಿನ ಅಪ್ಪನದ್ದೇ ಅಂತ ಉಂಟಾ?"

"ಉಂಟು."

"ನಾನು ಅದಕ್ಕೇ ಹೆಬ್ಬೆಟ್ಟು ಹಾಕಿದ್ದಾ?"

"ಹೌದು."

"ನನ್ನ ಬಾಯಿಯಿಂದಲೇ ಹೇಳಿಸಿದಿರಿ."

"ತಪ್ಪಾಯಿತು ಕುಶಲಾ" ಎಂದೆ.

"ತಪ್ಪು ಅದರಷ್ಟಕ್ಕೇ ಆಗುವುದಾ ಪೊರ್ಬುಗಳೇ? ಮಳೆ ಬಂದ ಹಾಗೆ?"

ನನ್ನ ತಪ್ಪು, ನಾನು ಮಾಡಿದ್ದು ಎಂದೆ. ತುಳುವಿನಲ್ಲಿ ಅದು ನಾಲ್ಕೇ ಶಬ್ದ. ಹೇಳಿ ಆದ ಮೇಲೆ ನನಗೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳು ಸೆಗಣಿಯ ಕೈಯನ್ನು ಹಾಗೆಯೇ ಹಿಡಿದು ನಿಂತಿದ್ದಳು, ಕಣ್ಣು ಒರೆಸಿಕೊಳ್ಳಲಿಕ್ಕೂ ಆಗದೆ. ನಾನು ಒಂದು ಚೊಂಬು ನೀರು ತಂದು ಕೊಡಬಹುದಿತ್ತು. ಅದೂ ಹೊಳೆಯಲಿಲ್ಲ.

ದಾರಿಯಲ್ಲಿ ದೇಯಕ್ಕನ ಧ್ವನಿ ಕೇಳಿಸಿತು. ಕುಶಲಾ ತಗ್ಗಿದ ಸ್ವರದಲ್ಲಿ ಹೇಳಿದಳು: "ಅತ್ತೆಗೆ ಹೇಳಬಾರದು. ಅವರು ಅನ್ನ ತಿನ್ನುವುದು ಆ ಕಾಗದ ನೋಡಿಕೊಂಡು. ತಿಂಗಳು ತಿಂಗಳು ಸಂಕ್ರಮಣಕ್ಕೆ ನಿಮ್ಮನ್ನು ಕರೆದು ಓದಿಸಬೇಕು ಅಂತಿದ್ದಾರೆ. ಬಂದು ಓದಿ. ಅವತ್ತು ಓದಿದ ಹಾಗೆಯೇ ಓದಿ. ಅತ್ತೆ ಇರುವವರೆಗೆ."

"ಮತ್ತೆ ನಿನಗೆ?"

"ನನಗೆ ನಿಮ್ಮ ಮುಖ ನೋಡಲಿಕ್ಕೆ ಆಗುವುದಿಲ್ಲ. ಆದ್ರೂ ಬನ್ನಿ."

ಏಪ್ರಿಲ್ ೧೬, ಬುಧವಾರ

ಇನ್ಸ್‌ಪೆಕ್ಟರರಿಗೆ ಒಂದು ಕಾಗದ ಬರೆದು ಅಂಚೆಗೆ ಹಾಕಿದೆ. ತೊಲೆ ಕೆಟ್ಟಿತ್ತು, ಮೇಸ್ತ್ರಿ ಹೇಳಿದ್ದ, ನಾನು ಕಾಗದ ಇಟ್ಟುಕೊಂಡೆ, ಆಮೇಲೆ ಸುಟ್ಟೆ, ಆ ಹೆಂಗಸಿಗೆ ಸುಳ್ಳು ಓದಿದೆ. ಕೆಳಗೆ ಹೆಸರು, ವಿಳಾಸ. ಕರಡು ಮಾಡಲಿಲ್ಲ, ಊಟದ ಬಿಡುವಿನಲ್ಲಿ ಬರೆದದ್ದು.

ರಿಬ್ಬನ್ ಇನ್ನೂ ಬಂದಿಲ್ಲ.

ಮೇ ೧೨, ಸೋಮವಾರ

ಉತ್ತರ ಬಂತು. ತೀರ್ಪು ಆಗಿಹೋದ ವಿಷಯವನ್ನು ಮನೆಯವರ ಒಪ್ಪಿಗೆ ದಾಖಲೆಯಲ್ಲಿ ಇರುವಾಗ ಪುನಃ ತೆರೆಯಲು ಬರುವುದಿಲ್ಲ, ರಿಗ್ರೆಟ್. ಒಳ್ಳೆಯ ಇಂಗ್ಲಿಷ್. ನಾನೇ ಬರೆದಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಆ ಶಬ್ದ ಬಂದು ಬೀಳುವ ಜಾಗದಲ್ಲಿ ನಿಂತರೆ ಹೇಗಿರುತ್ತದೆಂದು ಈಗ ತಿಳಿಯಿತು. ಹಿಡಿದುಕೊಳ್ಳಲಿಕ್ಕೆ ಅದರಲ್ಲಿ ಎಲ್ಲಿಯೂ ಹಿಡಿ ಇಲ್ಲ.

ಒಂದು ಪ್ರತಿ ರೈಗಳಿಗೂ ಹೋಗಿತ್ತು. ಅವರು ಬೊಬ್ಬೆ ಹಾಕಲಿಲ್ಲ. "ಇದು ನಿಮಗೆ ಯಾಕೆ ಬೇಕಿತ್ತು ಮಾರಾಯ್ರೆ?" ಎಂದು ಬಹಳ ಬೇಸರದಿಂದ ಕೇಳಿದರು. ತಿಂಗಳ ಕೊನೆಗೆ ಕೆಲಸ ಬಿಡಬೇಕು, ಕ್ವಾರ್ಟರ್ಸೂ.

ಮಗ್ದಲೀನ್ ಕಪಾಟಿನ ಬಟ್ಟೆ ತೆಗೆದು ಮಡಚಲು ಶುರು ಮಾಡಿದಳು. ಫಳ್ನೀರಿನಲ್ಲಿ ಅವಳ ಅಕ್ಕ ಡಾಲಿಯ ಮನೆಯ ಹಿಂದಿನ ಕೋಣೆ ಖಾಲಿ ಉಂಟು. ಎಲ್ಲ ಕೇಳಿದ ಮೇಲೆ ಒಂದೇ ಮಾತು ಹೇಳಿದಳು: "ಸರಿಯೋ ತಪ್ಪೋ, ಆ ಇಂಗ್ಲಿಷ್ ಕಾಗದವನ್ನು ಮಂಗಳವಾರವೇ ಟ್ರೇಗೆ ಹಾಕಿದ್ರೆ ಆ ಮನುಷ್ಯ ಬದುಕ್ತಿದ್ದ." ಗೆರ್ಟ್ರೂಡ್ "ಮಮ್ಮಿ, ಸಾಕು" ಎಂದಳು. ಸಾಕಾಗುವ ಮಾತೇ ಅಲ್ಲ ಅದು.

ಮೇ ೧೪, ಬುಧವಾರ. ಸಂಕ್ರಮಣ

ಬೋಳಾರಕ್ಕೆ ಹೋದೆ. ದೇಯಕ್ಕ ದೀಪ ಹಚ್ಚಿ, ಫೋಟೋದ ಎದುರು ಎಲೆಯಲ್ಲಿ ಬಡಿಸಿ ಇಟ್ಟಿದ್ದಳು. ಪಕ್ಕದ ಮನೆಯ ನಾಲ್ಕು ಹೆಂಗಸರೂ ಬಂದಿದ್ದರು. ಕುಶಲಾ ಮಗುವಿನ ತಲೆ ಬಾಚುತ್ತ ಮೂಲೆಯಲ್ಲಿ ಕೂತಿದ್ದಳು. ತಲೆಯೆತ್ತಲಿಲ್ಲ.

ಫ್ರೇಮನ್ನು ಕೆಳಗಿಳಿಸಿ ನನ್ನ ಕೈಗೆ ಕೊಟ್ಟರು. ನಿಂತುಕೊಂಡೆ. ಗಾಜಿನೊಳಗೆ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಅವತ್ತು ಓದಿದ್ದು ನೆನಪಿಗೆ ಬರುತ್ತಿರಲಿಲ್ಲ. ಸುಳ್ಳನ್ನು ಒಮ್ಮೆ ಹೇಳಲು ಧೈರ್ಯ ಸಾಕು, ಎರಡನೇ ಸಲ ಅದೇ ಸುಳ್ಳನ್ನು ಹೇಳಲು ಜ್ಞಾಪಕವೂ ಬೇಕು. ದುಃಖ ಎಂದೆ. ಅಣ್ಣುವಿನಂಥ ಕೆಲಸಗಾರ ಸಿಗುವುದಿಲ್ಲ ಎಂದೆ. ನಿಮ್ಮ ಮನೆಯ ದುಃಖ ಕಂಪೆನಿಯ ದುಃಖ ಎಂದು ಮುಗಿಸಿಬಿಟ್ಟೆ.

"ನಡುವೆ ಬಿಟ್ಟಿರಿ ಪೊರ್ಬುಗಳೇ" ಎಂದಳು ದೇಯಕ್ಕ.

"ಎಂತದು?"

"ಮುಖ್ಯದ್ದೇ ಬಿಟ್ಟಿರಿ." ಕಣ್ಣು ಮುಚ್ಚಿ, ಕೈ ಜೋಡಿಸಿ, ಒಂದು ಶಬ್ದವೂ ತಪ್ಪದ ಹಾಗೆ ಅವಳೇ ಹೇಳಿಕೊಟ್ಟಳು: "ತಪ್ಪು ಅಣ್ಣುವಿನದಲ್ಲ. ತೊಲೆಗೆ ಒರಲೆ ಹಿಡಿದಿತ್ತು. ಅದನ್ನು ನೋಡಿ ಸರಿ ಮಾಡದೆ ಇದ್ದದ್ದು ನಾವು. ಹೇಳಿ."

ಮೂಲೆಯಲ್ಲಿ ಬಾಚಣಿಗೆ ನಿಂತಿತು.

ಅವಳ ಹಿಂದೆ ಹಿಂದೆಯೇ ಹೇಳಿದೆ. "ನಾವು" ಎಂಬಲ್ಲಿ ನನ್ನ ಬಾಯಿಗೆ "ನಾನು" ಎಂದು ಬಂತು. ದೇಯಕ್ಕ ಅದನ್ನೂ ತಿದ್ದಿದಳು. ತಿದ್ದಿದ ಹಾಗೆಯೇ ಇನ್ನೊಮ್ಮೆ ಹೇಳಿದೆ.

ಕುಶಲಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಫ್ರೇಮನ್ನು ತಿರುಗಿ ಗೋಡೆಗೆ ಹಾಕಲು ಮೊಳೆ ಎತ್ತರದಲ್ಲಿತ್ತು, ಮುದುಕಿಗೆ ಎಟಕುತ್ತಿರಲಿಲ್ಲ. ನಾನೇ ಹಾಕಿದೆ. ಬರುವ ಸಂಕ್ರಮಣ ಭಾನುವಾರ ಬೀಳುತ್ತದೆ, ಊಟಕ್ಕೇ ಬನ್ನಿ ಎಂದು ದೇಯಕ್ಕ ಹೇಳಿದಳು. ಬರುತ್ತೇನೆ ಎಂದೆ.